ಮೊದಲು ಮಾತಾಡಬೇಕಾದವನು

ಎಲೆ ಚೆನ್ನಾಗಿ ಬಿದ್ದರೆ ಆಡಬೇಕು, ಕೆಟ್ಟದಾಗಿ ಬಿದ್ದರೆ ಮಡಚಿಡಬೇಕು. ಇಸ್ಪೀಟು ಮುಟ್ಟದವರಿಗೂ ಇಷ್ಟು ಗೊತ್ತಿರುತ್ತದೆ. ಕಷ್ಟ ಇರುವುದು ನಡುವಿನ ಎಲೆಗಳಲ್ಲಿ. ಪೋಕರಿನಲ್ಲಿ ಒಂದು ರಾಣಿ, ಒಂದು ಏಳು ಕೈಗೆ ಬಂದಿವೆ, ಎರಡರ ಜಾತಿಯೂ ಬೇರೆ ಎಂದುಕೊಳ್ಳಿ. ಎದುರಾಳಿಯ ಕೈಯಲ್ಲಿ ಯಾವ ಎರಡು ಎಲೆ ಬೇಕಾದರೂ ಇರಬಹುದು ಎಂದು ಲೆಕ್ಕ ಹಾಕಿದರೆ ಈ ಜೋಡಿಯ ಪಾಲು ನೂರಕ್ಕೆ ಸುಮಾರು 52. ಪೋಕರ್ ಆಡುವವರು ಇದಕ್ಕೆ ‘ಕಂಪ್ಯೂಟರ್ ಹ್ಯಾಂಡ್’ ಎಂಬ ಅಡ್ಡಹೆಸರು ಇಟ್ಟಿದ್ದಾರೆ. ಹೆಮ್ಮೆಪಡುವಂಥದ್ದಲ್ಲ, ಎಸೆಯುವಂಥದ್ದೂ ಅಲ್ಲ. ಊರು ಬಿಟ್ಟು ಬಂದ ನಮ್ಮಲ್ಲಿ ಹೆಚ್ಚಿನವರಿಗೆ ಬಿದ್ದಿರುವುದು ಇಂಥದೇ ಎಲೆ.

ಇಂಥ ಎಲೆ ಹಿಡಿದು, ಅದೂ ಕೆಟ್ಟ ಜಾಗದಲ್ಲಿ ಕೂತು ಆಡುವುದು ಧೈರ್ಯವೋ ಹುಂಬತನವೋ? ಈ ಪ್ರಶ್ನೆ ಆಟದ ಮೇಜಿಗಷ್ಟೇ ಸೇರಿದ್ದಲ್ಲ ಎಂಬುದು ನನ್ನ ಅನಿಸಿಕೆ. ಆದರೆ ಉತ್ತರ ಹುಡುಕಲು ಮೇಜಿನಿಂದಲೇ ಶುರುಮಾಡುವುದು ಒಳ್ಳೆಯದು. ಅಲ್ಲಿ ಲೆಕ್ಕ ಸ್ಪಷ್ಟವಾಗಿದೆ.

ಮಲಾಡಿನ ಯಾವುದೋ ಒನ್ ಬಿಎಚ್‌ಕೆಯಲ್ಲಿ ಶನಿವಾರ ರಾತ್ರಿ. ಉಳಿದವರೆಲ್ಲ ಊರಿಗೋ ಸಿನಿಮಾಕ್ಕೋ ಹೋಗಿ, ಇಬ್ಬರೇ ರೂಮ್‌ಮೇಟುಗಳು ಉಳಿದಿದ್ದಾರೆ. ದುಡ್ಡಿನ ಬದಲು ಬೆಂಕಿಕಡ್ಡಿ. ಇಬ್ಬರೇ ಆಡುವ ಈ ಪೋಕರಿಗೆ ‘ಹೆಡ್ಸ್ ಅಪ್’ ಎನ್ನುತ್ತಾರೆ. ಇದರಲ್ಲಿ ಒಬ್ಬನ ಮುಂದೆ ‘ಬಟನ್’ ಇರುತ್ತದೆ. ಅವನು ಎಲೆ ನೋಡುವ ಮೊದಲೇ ಐದು ಕಡ್ಡಿ ಇಡಬೇಕು, ಇನ್ನೊಬ್ಬ ಹತ್ತು ಕಡ್ಡಿ. ಇವಕ್ಕೆ ‘ಬ್ಲೈಂಡ್’ ಎಂದು ಹೆಸರು. ಇಬ್ಬರಿಗೂ ಎರಡೆರಡು ಎಲೆ ಹಂಚಿದ ಮೇಲೆ ಮೊದಲ ಸುತ್ತಿನಲ್ಲಿ ಮಾತ್ರ ಬಟನ್ ಇರುವವನು ಮೊದಲು ಆಡುತ್ತಾನೆ. ಆಮೇಲೆ ನಡುವೆ ಒಟ್ಟು ಐದು ಎಲೆ ತೆರೆಯುವ ಮೂರೂ ಸುತ್ತುಗಳಲ್ಲಿ ಹತ್ತು ಕಡ್ಡಿ ಇಟ್ಟವನೇ ಮೊದಲು ಬಾಯಿ ಬಿಡಬೇಕು. ಬಟನ್ ಇರುವವನು ಅದನ್ನು ನೋಡಿಕೊಂಡು ನಿರ್ಧರಿಸುತ್ತಾನೆ. ಮೊದಲು ಮಾತಾಡಬೇಕಾದವನ ಸ್ಥಿತಿಗೆ ‘ಔಟ್ ಆಫ್ ಪೊಸಿಷನ್’ ಎನ್ನುತ್ತಾರೆ. ಕನ್ನಡದಲ್ಲಿ ‘ಕೆಟ್ಟ ಜಾಗ’ ಎಂದರೆ ಸಾಕು.

ಒಂಬತ್ತು ಜನ ಕೂತ ಮೇಜಿನಲ್ಲಿ ಒಳ್ಳೆಯ ಎಲೆ, ಒಳ್ಳೆಯ ಜಾಗ ಸಿಗುವವರೆಗೆ ಕಾಯಬಹುದು. ಇಬ್ಬರೇ ಇದ್ದಾಗ ಆ ಸವಲತ್ತಿಲ್ಲ. ಪ್ರತಿ ಎರಡನೇ ಆಟದಲ್ಲಿ ಕೆಟ್ಟ ಜಾಗ ನಿಮ್ಮದೇ. ಕಾಯುತ್ತ ಕೂತರೆ ಪ್ರತಿ ಸಲ ಹತ್ತು ಕಡ್ಡಿ ಹೋಗುತ್ತಿರುತ್ತದೆ. ಹಾಗಾಗಿ ಆಡಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯಾವ ಎಲೆಗೆ ಎಷ್ಟು ತೆರಬೇಕು ಎಂಬುದೇ ನಿಜವಾದ ಪ್ರಶ್ನೆ.

ಎದುರಿನವನು ಪಣವನ್ನು 25 ಕಡ್ಡಿಗೆ ಏರಿಸಿದ ಎನ್ನೋಣ. ಅವನ 25, ನೀವು ಮೊದಲೇ ಇಟ್ಟ 10, ಒಟ್ಟು 35 ನಡುವೆ ಇವೆ. ನೀವು ಇನ್ನೂ 15 ಸೇರಿಸಿದರೆ 50 ಆಗುತ್ತದೆ. 50ರ ಆಸೆಗೆ 15 ತೆರುವುದಾದರೆ ನೂರಕ್ಕೆ 30 ಸಲ ಗೆದ್ದರೂ ನಷ್ಟವಿಲ್ಲ. ಈಗ ಸೋಜಿಗ ನೋಡಿ: ಬೇರೆ ಬೇರೆ ಜಾತಿಯ ಎರಡು-ಮೂರು, ಅಂದರೆ ಇಡೀ ಕಟ್ಟಿನಲ್ಲೇ ಅತಿ ಬಡ ಜೋಡಿ ಕೂಡ, ಎದುರಾಳಿ ಯಾವುದೇ ಎಲೆ ಹಿಡಿದಿರಬಹುದು ಎಂದಿಟ್ಟುಕೊಂಡರೆ ನೂರಕ್ಕೆ ಸುಮಾರು 32ರಷ್ಟು ಪಾಲು ಪಡೆಯುತ್ತದೆ. ಎದುರಿನವನು ಕೈಗೆ ಬಂದದ್ದಕ್ಕೆಲ್ಲ ಏರಿಸುವವನಾದರೆ ಕಾಗದದ ಮೇಲೆ ಎರಡು-ಮೂರನ್ನೂ ಆಡಬಹುದು.

ಬುದ್ಧಿಯಿರುವ ಯಾರೂ ಆಡುವುದಿಲ್ಲ. ಯಾಕೆಂದರೆ ಆ 32 ಎಂಬುದು ಐದೂ ಎಲೆಗಳು ತೆರೆಯುವವರೆಗೆ ಇನ್ನೊಂದು ಕಡ್ಡಿಯೂ ತೆರದೆ ಕೂತಿರಲು ಬಿಟ್ಟರೆ ಸಿಗುವ ಪಾಲು. ಕೆಟ್ಟ ಜಾಗದಲ್ಲಿ ಕೂತವನನ್ನು ಹಾಗೆ ಬಿಡುವುದಿಲ್ಲ. ಅವನು ಸುಮ್ಮನಿದ್ದರೆ ಎದುರಿನವನಿಗೆ ಅದೇ ಸುಳಿವು, ಪಣ ಏರಿಸಿ ಓಡಿಸುತ್ತಾನೆ. ಅವನೇ ಪಣ ಹೂಡಿದರೆ ಎದುರಿನವನು ತನಗೆ ಅನುಕೂಲವಿದ್ದಾಗ ಮಾತ್ರ ಮುಂದುವರಿಯುತ್ತಾನೆ. ಲೆಕ್ಕದಲ್ಲಿದ್ದ ಪಾಲಿನಲ್ಲಿ ಒಂದಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ನ್ಯಾಯವಾಗಿ ನಮಗೆ ಬರಬೇಕಾದದ್ದು ಒಂದು, ಕೂತ ಜಾಗದಿಂದಾಗಿ ನಿಜಕ್ಕೂ ಕೈಗೆ ಬರುವುದು ಇನ್ನೊಂದು. ಪೋಕರ್ ಕಲಿಸುವ ಪಾಠಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ.

ಈ ಸೋರಿಕೆಯನ್ನು ಅಳೆದವರೂ ಇದ್ದಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಪಣದ ಮೊತ್ತಕ್ಕೆ ಮಿತಿಯಿರುವ, ಇಬ್ಬರೇ ಆಡುವ ಹೋಲ್ಡೆಮ್ ಪೋಕರನ್ನು ‘ಸೆಫಿಯಸ್’ ಎಂಬ ಪ್ರೋಗ್ರಾಮು ಹೆಚ್ಚುಕಡಿಮೆ ಪೂರ್ತಿ ಬಿಡಿಸಿತ್ತು. ಇಬ್ಬರೂ ತಪ್ಪೇ ಮಾಡದೆ ಆಡಿದರೆ ಬಟನ್ ಇರುವವನು ಪ್ರತಿ ಆಟಕ್ಕೆ ಸರಾಸರಿ ದೊಡ್ಡ ಬ್ಲೈಂಡಿನ ಸಾವಿರದಲ್ಲಿ 87.7ರಿಂದ 89.7 ಪಾಲು ಗೆಲ್ಲುತ್ತಾನೆ. ನಮ್ಮ ಬೆಂಕಿಕಡ್ಡಿಯ ಲೆಕ್ಕದಲ್ಲಿ ಹತ್ತು ಆಟಕ್ಕೆ ಸುಮಾರು ಒಂಬತ್ತು ಕಡ್ಡಿ. ಅಂದರೆ ಕೆಟ್ಟ ಜಾಗದಲ್ಲಿ ಕೂತ ಪರಿಪೂರ್ಣ ಆಟಗಾರನೂ ಸರಾಸರಿಯಲ್ಲಿ ಸೋಲುತ್ತಾನೆ.

ಇದನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಕೆಟ್ಟ ಜಾಗವೆಂದು ಪ್ರತಿ ಸಲ ಎಲೆ ಮಡಚಿಟ್ಟರೆ ಹತ್ತು ಆಟಕ್ಕೆ ನೂರು ಕಡ್ಡಿ ಹೋಗುತ್ತದೆ. ನಡುವಿನ ಎಲೆಗಳನ್ನು ಎಚ್ಚರದಿಂದ ಆಡಿದರೆ ಒಂಬತ್ತು ಹೋಗುತ್ತದೆ. ನೂರನ್ನು ಒಂಬತ್ತಕ್ಕೆ ಇಳಿಸುವುದೇ ಅಲ್ಲಿಯ ಇಡೀ ವಿದ್ಯೆ. ಆದರೆ ಹೊರಗಿನಿಂದ ನೋಡುವವನಿಗೆ ಅದು ವಿದ್ಯೆಯಾಗಿ ಕಾಣುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಒಂಬತ್ತು ಕಡ್ಡಿ ಸೋತವನೊಬ್ಬ.

*

ಜೂಜಿನ ಬಗ್ಗೆ ನಮ್ಮ ಕಾನೂನು ಎಪ್ಪತ್ತು ವರ್ಷಗಳಿಂದ ಒಂದೇ ಪ್ರಶ್ನೆ ಕೇಳುತ್ತ ಬಂದಿದೆ: ಇದು ಅದೃಷ್ಟದ ಆಟವೋ, ಕೌಶಲದ ಆಟವೋ? ಈ ಕಥೆಯಲ್ಲಿ ಬೆಂಗಳೂರು-ಬೊಂಬಾಯಿಯ ನಂಟೂ ಇದೆ. ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಎಂಬವರು ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆ ಹೊರಡಿಸುತ್ತಿದ್ದರು. ಅದರಲ್ಲಿ ಬಹುಮಾನದ ಪದಬಂಧ ಬರುತ್ತಿತ್ತು. ಬೊಂಬಾಯಿ ರಾಜ್ಯದ ಸಾವಿರಾರು ಓದುಗರು ಪ್ರವೇಶ ಶುಲ್ಕ ಕಟ್ಟಿ ಆಡುತ್ತಿದ್ದರು. ಬೊಂಬಾಯಿ ಸರ್ಕಾರ ತೆರಿಗೆ ಹಾಕಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1957ರ ಏಪ್ರಿಲ್ 9ರಂದು ಕೋರ್ಟು ಆ ಪದಬಂಧ ಜೂಜಿನ ಜಾತಿಯದೇ ಎಂದು ತೀರ್ಮಾನಿಸಿತು. 1967ರಲ್ಲಿ ಅದೇ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು, ಮೂರೆಲೆ ಆಟದಂತಲ್ಲ ಎಂಬುದು ಅದರ ವಾದ. ಪೋಕರಿನ ವಿಷಯದಲ್ಲಿ ಕರ್ನಾಟಕ ಹೈಕೋರ್ಟು 2013ರಲ್ಲಿ, ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದಿತು. ಗುಜರಾತ್ ಹೈಕೋರ್ಟು 2017ರಲ್ಲಿ ಅದು ಜೂಜೇ ಎಂದಿತು. ಕೊನೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ, ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟ ಅದೃಷ್ಟದ್ದಾಗಲಿ ಕೌಶಲದ್ದಾಗಲಿ ನಿಷಿದ್ಧ ಎಂದು ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಮನೆ ಮಠ ಕಳೆದುಕೊಂಡವರ ಕಥೆಗಳನ್ನು ಕೇಳಿದವರಿಗೆ ಅದರ ಹಿಂದಿನ ಕಾಳಜಿ ಅರ್ಥವಾಗುತ್ತದೆ.

ನನಗೆ ಕುತೂಹಲ ಇರುವುದು ಬೇರೆ ಕಡೆ. ಅದೃಷ್ಟ, ಕೌಶಲ ಎಂಬ ಎರಡೇ ಖಾನೆಗಳಲ್ಲಿ ಎಲ್ಲವನ್ನೂ ತುಂಬುವ ಅಭ್ಯಾಸ ಕೋರ್ಟಿನದು ಮಾತ್ರವಲ್ಲ, ನಮ್ಮದೂ ಹೌದು. ಒಬ್ಬ ಗೆದ್ದರೆ ಜಾಣ ಎನ್ನುತ್ತೇವೆ, ಹೊಟ್ಟೆಕಿಚ್ಚಾದರೆ ಅದೃಷ್ಟವಂತ ಎನ್ನುತ್ತೇವೆ. ಕರಾವಳಿಯ ಜಾತ್ರೆಗಳ ಅಂಚಿನಲ್ಲಿ ನಡೆಯುವ ‘ಉಳಾಯಿ-ಪಿದಾಯಿ’ಗೆ ಆ ಎರಡು ಖಾನೆ ಸಾಕಾಗಬಹುದು. ಎಲೆ ಒಳಗೆ ಬೀಳುತ್ತದೆ ಅಥವಾ ಹೊರಗೆ ಬೀಳುತ್ತದೆ, ಆಡುವವನು ಎಲ್ಲಿ ಕೂತರೂ ಒಂದೇ. ಪೋಕರಿನಲ್ಲಿ ಮೂರನೆಯ ಖಾನೆ ಇದೆ: ಕೂತ ಜಾಗ. ಅದು ಎಲೆಯ ಹಾಗೆ ಪ್ರತಿ ಸಲ ಕಲಸಿ ಹಂಚುವ ಅದೃಷ್ಟವಲ್ಲ, ದುಡಿದು ಸಂಪಾದಿಸಿದ ಕೌಶಲವೂ ಅಲ್ಲ. ಯಾರು ಯಾರಿಗೆ ಮೊದಲು ಮುಖ ತೋರಿಸಬೇಕು ಎಂಬ ಏರ್ಪಾಡು, ಅಷ್ಟೆ.

ಮಲಾಡಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಎಂಟೂವರೆಗೆ ಬೊರಿವಲಿಯಿಂದ ತುಂಬಿ ಬರುವ ಚರ್ಚ್‌ಗೇಟ್ ಸ್ಲೋ ಗಾಡಿಗೆ ಮಲಾಡಿನಲ್ಲಿ ಹತ್ತುವವನಿಗೆ ಸೀಟಿನ ಮಾತೇ ಇಲ್ಲ. ಆದ್ದರಿಂದ ಕೆಲವರು ಮೊದಲು ಉಲ್ಟಾ ದಿಕ್ಕಿನಲ್ಲಿ ಬೊರಿವಲಿಗೆ ಹೋಗಿ, ಅಲ್ಲಿ ಖಾಲಿಯಾಗುವ ಗಾಡಿಯಲ್ಲಿ ಕೂತು ‘ರಿಟರ್ನ್’ ಬರುತ್ತಾರೆ. ದಿನಾ ಅರ್ಧ ಗಂಟೆ ತೆತ್ತು ಜಾಗ ಕೊಳ್ಳುತ್ತಾರೆ. ಜಾಗಕ್ಕೂ ಬೆಲೆಯಿದೆ ಎಂದು ಅವರಿಗೆ ಯಾವ ಪ್ರೋಗ್ರಾಮೂ ಲೆಕ್ಕ ಹಾಕಿ ಕೊಟ್ಟದ್ದಲ್ಲ.

ಮೈಂಡ್‌ಸ್ಪೇಸಿನ ಯಾವುದೋ ಮಹಡಿಯಲ್ಲಿ ಸಂದರ್ಶನಕ್ಕೆ ಕೂತವನಿಗೆ ಕೊನೆಯಲ್ಲಿ ಬರುವ ಪ್ರಶ್ನೆ: “ನಿಮ್ಮ ನಿರೀಕ್ಷೆ ಎಷ್ಟು?” ಎದುರಿನವರ ಹತ್ತಿರ ಆ ಹುದ್ದೆಗೆ ಮೀಸಲಿಟ್ಟ ಮೊತ್ತ ಇದೆ, ಪಕ್ಕದ ಮೇಜಿನವನ ಸಂಬಳದ ಅಂಕಿ ಇದೆ, ಇವನ ಹಳೆಯ ಸ್ಯಾಲರಿ ಸ್ಲಿಪ್ಪೂ ಇದೆ. ಇವನ ಹತ್ತಿರ ಇರುವುದು ಊಹೆ. ಕಡಿಮೆ ಹೇಳಿದರೆ ಆ ಅಂಕಿಗೇ ಕಟ್ಟಿಹಾಕುತ್ತಾರೆ, ಹೆಚ್ಚು ಹೇಳಿದರೆ ಫೋನ್ ಮಾಡುತ್ತೇವೆ ಎಂದು ಕಳಿಸುತ್ತಾರೆ. ಬಾಡಿಗೆ ಮನೆ ಹುಡುಕುವಾಗಲೂ ಹೀಗೆಯೇ. ಬ್ರೋಕರು ಮೊದಲು ನಿಮ್ಮ ಬಜೆಟ್ಟು ಕೇಳುತ್ತಾನೆ, ಆಮೇಲೆ ಮದುವೆಯಾಗಿದೆಯೇ, ಮೀನು-ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಾನೆ. ಎಲ್ಲ ಎಲೆ ತೋರಿಸಿದ ಮೇಲೆ ಸೊಸೈಟಿಯ ನಿಯಮ ಹೊರಗೆ ಬರುತ್ತದೆ. ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಇದೇ ಬೊಂಬಾಯಿಯ ಕಂಪನಿಯೊಂದರ ನೌಕರನನ್ನು, ತನ್ನ ಮೇಲಿನ ಆರೋಪ ಏನೆಂದು ಸರಿಯಾಗಿ ತಿಳಿಯದೆಯೇ ಅದಕ್ಕೆ ಉತ್ತರ ಹುಡುಕಬೇಕಾದ ಸ್ಥಿತಿಗೆ ತಂದು ನಿಲ್ಲಿಸಿದರು. ನಾಗಪ್ಪನ ಭಯದ ಬೇರು ಅಲ್ಲಿದೆ. ಎದುರಿನವರಿಗೆ ತನ್ನ ಬಗ್ಗೆ ಗೊತ್ತಿದೆ, ಎಷ್ಟು ಗೊತ್ತಿದೆ ಎಂಬುದು ತನಗೆ ಗೊತ್ತಿಲ್ಲ.

*

ಹಾಗಾದರೆ ಕೆಟ್ಟ ಜಾಗದಲ್ಲಿ ನಡುವಿನ ಎಲೆ ಹಿಡಿದವನು ಏನು ಮಾಡಬೇಕು? ನಮ್ಮ ಭಾರತದಲ್ಲಿ ಇಬ್ಬರೇ ಕೂತು ಆಡಿದ ಎರಡು ಜೂಜುಗಳಿವೆ. ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು.

ಧರ್ಮರಾಯ ಕೂತ ಜಾಗ ಎಷ್ಟು ಕೆಟ್ಟದ್ದೆಂದರೆ, ಸಭೆ ಎದುರಾಳಿಯದು, ದಾಳ ಎದುರಾಳಿಯದು, ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ಕರೆದರೆ ಹಿಂದೆಗೆಯುವುದಿಲ್ಲ ಎಂಬ ವ್ರತ ಬೇರೆ. ಎದ್ದು ಹೋಗುವ ದಾರಿಯನ್ನು ಅವನು ಮೊದಲೇ ಮುಚ್ಚಿಕೊಂಡಿದ್ದ. ಸೋತದ್ದಕ್ಕಾಗಿ ಅವನನ್ನು ದೂರುವುದು ಸುಲಭ. ಆದರೆ ಅವನು ಮಾಡಿದ ಅನ್ಯಾಯ ಸೋಲಿನಲ್ಲಿಲ್ಲ, ಪಣದಲ್ಲಿದೆ. ತಮ್ಮಂದಿರನ್ನೂ ಹೆಂಡತಿಯನ್ನೂ ಇಟ್ಟದ್ದರಲ್ಲಿ ಇದೆ. ಆಗ ದ್ರೌಪದಿ ಕೇಳಿ ಕಳಿಸಿದ ಪ್ರಶ್ನೆ ಸರದಿಯ ಪ್ರಶ್ನೆ: ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಯಾರು ಮೊದಲು, ಯಾರು ಆಮೇಲೆ ಎಂಬುದರ ಮೇಲೆ ಹಕ್ಕೇ ಬದಲಾಗುತ್ತದೆ ಎಂದು ಆ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳು ಅರಿತಿದ್ದಳು.

ಇನ್ನೊಂದು ನಳನದು. ಕನಕದಾಸರ ‘ನಳಚರಿತ್ರೆ’ಯಿಂದ, ಯಕ್ಷಗಾನದಿಂದ ನಮಗೆಲ್ಲ ಪರಿಚಿತ. ವ್ಯಾಸಭಾರತದ ವನಪರ್ವದಲ್ಲಿ ಈ ಕಥೆಯನ್ನು ಬೃಹದಶ್ವ ಮುನಿ ಹೇಳುವುದು ಜೂಜಿನಲ್ಲಿ ಸೋತು ಕಾಡಿಗೆ ಬಂದ ಧರ್ಮರಾಯನಿಗೇ. ತಮ್ಮ ಪುಷ್ಕರನೊಡನೆ ಆಡಿ ನಳ ರಾಜ್ಯ ಸೋಲುತ್ತಾನೆ. ಇನ್ನು ದಮಯಂತಿ ಉಳಿದಿದ್ದಾಳಲ್ಲ ಎಂದು ಪುಷ್ಕರ ನಗುತ್ತಾನೆ. ನಳ ಮಾತಾಡುವುದಿಲ್ಲ. ಒಡವೆ ಕಳಚಿಟ್ಟು, ಉಟ್ಟ ಬಟ್ಟೆಯಲ್ಲಿ ಎದ್ದು ಹೋಗುತ್ತಾನೆ. ಎಲ್ಲ ಹೋದ ಮೇಲೆ ಒಂದು ಕೈ ನೋಡೇಬಿಡೋಣ ಎನ್ನುವ ಹುಚ್ಚನ್ನು ಅವನು ತಡೆದ. ನನ್ನ ಲೆಕ್ಕದಲ್ಲಿ ಆ ಕಥೆಯ ಅತಿ ದೊಡ್ಡ ಆಟ ಅದು. ಮುಂದೆ ಅಜ್ಞಾತನಾಗಿ ಋತುಪರ್ಣನ ಸಾರಥಿಯಾಗಿದ್ದಾಗ, ಆ ದೊರೆ ತಾರೆ ಮರವೊಂದರ ಎಲೆ ಕಾಯಿಗಳನ್ನು ನೋಡಿದೊಡನೆ ಎಣಿಸಿ ಹೇಳುವುದನ್ನು ಕಂಡು, ತನ್ನ ಅಶ್ವವಿದ್ಯೆಯನ್ನು ಕೊಟ್ಟು ಅಕ್ಷಹೃದಯವನ್ನು ಕಲಿಯುತ್ತಾನೆ. ಸಂಖ್ಯೆಯ ವಿದ್ಯೆ ಕೈಗೆ ಬಂದ ಮೇಲೆಯೇ ಮತ್ತೆ ಪುಷ್ಕರನ ಎದುರು ಕೂರುತ್ತಾನೆ.

ಇಲ್ಲಿಗೆ ನಿಲ್ಲಿಸಿದರೆ ನೀತಿಕಥೆ ಚೆಂದವಾಗಿರುತ್ತದೆ. ವನಪರ್ವ ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಆ ಎರಡನೇ ಆಟದಲ್ಲಿ ನಳ ತಾನು ಗಳಿಸಿದ ಹಣದ ಜೊತೆ ದಮಯಂತಿಯನ್ನೂ ತಾನಾಗಿಯೇ ಪಣಕ್ಕಿಡುತ್ತಾನೆ, ಮತ್ತು ಗೆಲ್ಲುತ್ತಾನೆ. ಧರ್ಮರಾಯನ ಪಣವನ್ನು ಯುಗಗಳಿಂದ ಚರ್ಚಿಸುವ ನಾವು ನಳನ ಈ ಪಣವನ್ನು ನೆನೆಯುವುದು ಅಪರೂಪ. ಗೆದ್ದನಲ್ಲ. ವಿದ್ಯೆ ಬಂದಿತ್ತು, ಗೆಲುವು ಖಚಿತವಿತ್ತು ಎನ್ನಬಹುದು. ಆದರೆ ಗೆಲ್ಲುವುದು ಖಚಿತವೆಂದು ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಬಂದುಬಿಡುತ್ತದೆಯೇ? ಬರುವುದಿಲ್ಲ ಎಂದೇ ನಾನು ನಂಬುತ್ತೇನೆ. ನಿರ್ಧಾರವನ್ನು ಫಲದಿಂದ ಅಳೆಯುವುದು ಎಷ್ಟು ಹಳೆಯ ಚಾಳಿ ಎಂಬುದಕ್ಕೆ ಈ ಮರೆವೇ ಸಾಕ್ಷಿ.

ಫಲವನ್ನು ನಿರ್ಧಾರದಿಂದ ಬೇರ್ಪಡಿಸಲು 2017ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಒಂದು ಉಪಾಯ ಮಾಡಿದ್ದರು. ‘ಲಿಬ್ರಾಟಸ್’ ಎಂಬ ಪ್ರೋಗ್ರಾಮು ನಾಲ್ವರು ವೃತ್ತಿಪರರ ಎದುರು 1,20,000 ಕೈ ಪೋಕರ್ ಆಡಿತು. ಒಬ್ಬನಿಗೆ ಬಂದ ಎಲೆಗಳೇ ಇನ್ನೊಂದು ಕೋಣೆಯಲ್ಲಿ ಅವನ ಜೊತೆಗಾರನ ಎದುರು ಕೂತ ಪ್ರೋಗ್ರಾಮಿಗೆ ಬರುವಂತೆ ಹಂಚುತ್ತಿದ್ದರು. ಎಲೆಯ ಅದೃಷ್ಟ ಹೀಗೆ ಬಹುಮಟ್ಟಿಗೆ ವಜಾ ಆಗುತ್ತಿತ್ತು. ಬದುಕಿನಲ್ಲಿ ಆ ಇನ್ನೊಂದು ಕೋಣೆ ಇಲ್ಲ. ನಮ್ಮ ಎಲೆ, ನಮ್ಮ ಜಾಗ ಎರಡನ್ನೂ ಹಿಡಿದು ಇನ್ನೊಬ್ಬರು ಹೇಗೆ ಆಡುತ್ತಿದ್ದರು ಎಂದು ತೋರಿಸುವವರಿಲ್ಲ. ಇಲ್ಲದ್ದರಿಂದಲೇ ಇನ್ನೊಬ್ಬರ ಬದುಕಿನ ಬಗ್ಗೆ ತೀರ್ಪು ಕೊಡುವಾಗ ನಾಲಿಗೆಯನ್ನು ಸ್ವಲ್ಪ ಬಿಗಿ ಹಿಡಿಯಬೇಕು.

ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಕರಾವಳಿಯಿಂದ ಬಂದು, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಒಂದು ತಲೆಮಾರು ಈ ನಗರದಲ್ಲಿದೆ. ಹಗಲಿಡೀ ದುಡಿದವನು ರಾತ್ರಿ ಪುಸ್ತಕ ಹಿಡಿಯುವುದು ಕೆಟ್ಟ ಜಾಗದಲ್ಲಿ ನಡುವಿನ ಎಲೆ ಆಡುವುದೇ. ಅವರು ಪಣಕ್ಕಿಟ್ಟದ್ದು ತಮ್ಮ ನಿದ್ದೆಯನ್ನು. ಊರಿಗೆ ಹೋಗಬೇಕಾದ ಮನಿಯಾರ್ಡರನ್ನು ಇಡಲಿಲ್ಲ. ಅವರಲ್ಲಿ ಕೆಲವರು ವಕೀಲರಾದರು, ಬ್ಯಾಂಕು ಸೇರಿದರು, ಸ್ವಂತ ಹೋಟೆಲು ಇಟ್ಟರು. ಸಂಘಗಳ ಬೆಳ್ಳಿಹಬ್ಬದ ಸಂಚಿಕೆಗಳಲ್ಲಿ ಅವರ ಫೋಟೋಗಳಿವೆ. ಅದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸಿ ದಾಟಲಾಗದೆ ಹೋಟೆಲಿನಲ್ಲೇ ಉಳಿದವರ, ಕಾಯಿಲೆ ಹಿಡಿದು ಊರಿಗೆ ಮರಳಿದವರ ಫೋಟೋ ಇಲ್ಲ. ನೂರು ಹೋಗಬೇಕಿದ್ದಲ್ಲಿ ಒಂಬತ್ತು ಕಳಕೊಂಡು, ಸಾಲವಿಲ್ಲದೆ, ತಂಗಿಯ ಮದುವೆ ಮಾಡಿ, ಮಗನನ್ನು ನಮ್ಮ ನಿಮ್ಮ ಹಾಗೆ ಕಂಪ್ಯೂಟರಿನ ಮುಂದೆ ಕೂರಿಸಿದವನು ಚೆನ್ನಾಗಿ ಆಡಿದ. ಸೋತವರ ಪಟ್ಟಿಯಲ್ಲಿ ಅವನ ಹೆಸರು ಬರೆಯುವುದು ಲೆಕ್ಕ ತಿಳಿಯದವರ ಕೆಲಸ.

ನನ್ನ ಉತ್ತರ ಇಷ್ಟಕ್ಕೆ ಬರುತ್ತದೆ: ಕೆಟ್ಟ ಜಾಗ ಎಂಬ ಒಂದೇ ಕಾರಣಕ್ಕೆ ಎಲೆ ಮಡಚಿಡಬೇಕಾಗಿಲ್ಲ. ಪಣ ನಿಮ್ಮದೇ ಆಗಿರಬೇಕು, ಚಿಕ್ಕದಾಗಿರಬೇಕು, ಎದ್ದು ಹೋಗುವ ದಾರಿ ತೆರೆದಿರಬೇಕು. ಈ ಮೂರೂ ಇದ್ದರೆ ಅದು ಹುಂಬತನವಲ್ಲ. ಮೂರರಲ್ಲಿ ಒಂದು ತಪ್ಪಿದರೆ, ಗೆದ್ದರೂ ಹುಂಬತನವೇ.

*

ಆದರೆ ಇದು ಕೆಟ್ಟ ಜಾಗದಲ್ಲಿ ಕೂತವನಿಗೆ ಹೇಳಿದ ಬುದ್ಧಿಮಾತು ಮಾತ್ರ. ಲೋಕದ ಬುದ್ಧಿಮಾತೆಲ್ಲ ಅವನಿಗೇ ಯಾಕೆ? ಒಳ್ಳೆಯ ಜಾಗದಲ್ಲಿ ಕೂತವನಿಗೆ ಏನೂ ಕರ್ತವ್ಯವಿಲ್ಲವೇ?

ಪೋಕರ್ ಇದನ್ನು ಸರಳವಾಗಿ ಬಗೆಹರಿಸಿದೆ. ಅಲ್ಲಿ ಎಲ್ಲರಿಗೂ ಒಂದೇ ಎಲೆ ಹಂಚುವುದಿಲ್ಲ. ಬಟನ್ನು ಮಾತ್ರ ಪ್ರತಿ ಆಟಕ್ಕೆ ಕೈ ಬದಲಾಗುತ್ತದೆ. ಈ ಸಲ ಸರಾಸರಿ ಒಂದು ಕಡ್ಡಿಗೂ ಸ್ವಲ್ಪ ಕಡಿಮೆ ನನ್ನಿಂದ ನಿನಗೆ, ಮುಂದಿನ ಸಲ ಅಷ್ಟೇ ನಿನ್ನಿಂದ ನನಗೆ. ಆಟವನ್ನು ನ್ಯಾಯವಾಗಿಸುವುದು ಆ ಸರದಿ. ಹೊರಗೆ ಬಂದರೆ ಸರದಿ ಇಲ್ಲ. ಬಾಡಿಗೆದಾರ ಹನ್ನೊಂದು ತಿಂಗಳಿಗೊಮ್ಮೆ ಮತ್ತೆ ಮೊದಲು ಬಾಯಿ ಬಿಡಬೇಕು, ಮಾಲೀಕನ ಸರದಿ ಬರುವುದೇ ಇಲ್ಲ. ಕಾಂಟ್ರಾಕ್ಟಿನ ಮೇಲೆ ದುಡಿಯುವವನಿಗೆ ಪ್ರತಿ ವರ್ಷವೂ ಬ್ಲೈಂಡೇ. ಸರದಿ ತಾನಾಗಿ ತಿರುಗದ ಕಡೆ ಬಟನ್ ಇರುವವನೇ ಅದನ್ನು ಒಮ್ಮೊಮ್ಮೆ ದಾಟಿಸಬೇಕು. ಅದನ್ನು ಔದಾರ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ. ಆಟವನ್ನು ಆಟವಾಗಿ ಉಳಿಸಲು ಬೇಕಾದ ಕನಿಷ್ಠ ಅದು.

ಇದಕ್ಕೆ ಎಲ್ಲ ಕಡೆ ಒಂದೇ ಸೂತ್ರವಿಲ್ಲ. ಸಂದರ್ಶನದಲ್ಲಿ ಕಂಪನಿಯೇ ಮೊದಲು ಅಂಕಿ ಹೇಳುವುದು ನ್ಯಾಯ. ಆಫೀಸಿನ ಮೀಟಿಂಗಿನಲ್ಲಿ ಮೇಲಧಿಕಾರಿ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸುವುದೇ ಆಗುತ್ತದೆ, ಅಲ್ಲಿ ಅವರು ಕೊನೆಗೆ ಮಾತಾಡುವುದು ಮೇಲು. ಆದರೆ ಕಿರಿಯರು ಬಿಚ್ಚಿಟ್ಟದ್ದನ್ನು ಆಮೇಲೆ ಅವರ ವಿರುದ್ಧ ಬಳಸಬಾರದು. ಕೇಳಿಕೊಳ್ಳಬೇಕಾದದ್ದು ಇಷ್ಟು: ಮೊದಲು ಮಾತಾಡಿದ್ದರ ನಷ್ಟವನ್ನು ಇಲ್ಲಿ ಯಾರು ಹೊರುತ್ತಿದ್ದಾರೆ? ಅವರಿಗೆ ಅದನ್ನು ಹೊರುವ ಶಕ್ತಿ ಇದೆಯೇ?

ನಾವು ಬಂದು ಐದು, ಹತ್ತು ವರ್ಷವಾದ ಮೇಲೆ ಗೊತ್ತೇ ಆಗದ ಹಾಗೆ ಬಟನ್ನು ನಮ್ಮ ಮುಂದೆ ಬಂದಿರುತ್ತದೆ. ಎವರ್‌ಶೈನ್ ನಗರದಲ್ಲಿ ಡಿಪಾಸಿಟ್ಟು ನಿಜಕ್ಕೂ ಎಷ್ಟಕ್ಕೆ ಇಳಿಯುತ್ತದೆ, ಯಾವ ಹುದ್ದೆಗೆ ಎಷ್ಟು ಕೊಡುತ್ತಾರೆ, ಯಾವ ಬಾಂಡಿಗೆ ಸಹಿ ಹಾಕಬಾರದು ಎಂಬುದು ನಮಗೆ ತಿಳಿದಿರುತ್ತದೆ. ಜಾಗವೆಂದರೆ ಕೊನೆಗೂ ಈ ತಿಳಿವಳಿಕೆಯೇ. ಊರಿನಿಂದ ಹೊಸದಾಗಿ ಬಂದ ಹುಡುಗ ಹಿಂಜರಿಯುತ್ತ, “ಅಣ್ಣಾ, ಅಲ್ಲಿ ಎಷ್ಟು ಕೇಳಬಹುದು?” ಎಂದು ಫೋನ್ ಮಾಡಿದಾಗ ನಮ್ಮಲ್ಲಿ ಹೆಚ್ಚಿನವರು, “ನಿನಗೆ ಎಷ್ಟು ಬೇಕು ಹೇಳು” ಎನ್ನುತ್ತೇವೆ. ನಮ್ಮ ಸಂಬಳ ಅವನಿಗೆ ಗೊತ್ತಾಗುತ್ತದಲ್ಲ ಎಂಬ ಸಂಕೋಚ. ಅವನಿಗೆ ಬೇಕಾದದ್ದು ಆಶೀರ್ವಾದವಲ್ಲ, ಒಂದು ಅಂಕಿ. ನಾವು ಸೇರುವಾಗ ಎಷ್ಟು ಕೊಟ್ಟರು, ಈಗ ಎಷ್ಟು ಬರುತ್ತಿದೆ, ಇವೆರಡನ್ನು ಮೊದಲು ನಾವೇ ಹೇಳಿಬಿಟ್ಟರೆ ಅವನು ಆ ಕೋಣೆಗೆ ಹೋಗುವಾಗ ಅಷ್ಟರಮಟ್ಟಿಗೆ ಒಳ್ಳೆಯ ಜಾಗದಲ್ಲಿ ಕೂರುತ್ತಾನೆ.